ತೊಟ್ಟಿಯ ಪೂರ್ವಾಶ್ರಮ

ಮನೆಯಲ್ಲಿ ಹವಳದ ತೊಟ್ಟಿ, ಅಂದರೆ ಉಪ್ಪುನೀರಿನಲ್ಲಿ ಜೀವಂತ ಹವಳ ಸಾಕುವ ಅಕ್ವೇರಿಯಂ, ಕಟ್ಟಬೇಕೆಂದು ಉತ್ಸಾಹದಿಂದ ಹೊರಟವರಲ್ಲಿ ಅನೇಕರು ಕೆಲವೇ ವರ್ಷಗಳಲ್ಲಿ ಕೈಚೆಲ್ಲುತ್ತಾರೆ. ಮನೆ ಬದಲಾಗುತ್ತದೆ, ಮಗು ಹುಟ್ಟುತ್ತದೆ, ವಿದ್ಯುತ್ ಬಿಲ್ಲು ಹೆದರಿಸುತ್ತದೆ, ಇಲ್ಲವೇ ಒಂದು ಬೆಳಗ್ಗೆ ಎದ್ದು ನೋಡಿದರೆ ತೊಟ್ಟಿಯಲ್ಲಿದ್ದದ್ದೆಲ್ಲ ಸತ್ತಿರುತ್ತದೆ. ಹಾಗೆ ಬಿಟ್ಟವರ ಗಾಜು, ಪಂಪು, ದೀಪಗಳು ಹೊಸದರ ಅರ್ಧ ಬೆಲೆಗೂ ಕಡಿಮೆಗೆ ಮಾರಾಟಕ್ಕೆ ಬರುತ್ತವೆ. ಎಲ್ಲವನ್ನೂ ಹೊಸದಾಗಿ ಕೊಂಡರೆ ಮೊದಲ ಮೀನು ಬರುವ ಮೊದಲೇ ಜೇಬು ಬರಿದಾಗುತ್ತದೆ ಎಂಬುದು ಲೆಕ್ಕಕ್ಕೆ ಸಿಕ್ಕ ಮೇಲೆ ನಾನೂ ಹಳೆಯ ಸಾಮಾನಿನ ಬೆನ್ನು ಹತ್ತಿದೆ.

ಸಿಹಿನೀರಿನ ತೊಟ್ಟಿಗಳನ್ನು ನೋಡಿಕೊಂಡ ಅನುಭವ ನನಗಿತ್ತು. ಅಲ್ಲಿ ಹಳೆಯ ಫಿಲ್ಟರ್ ತಂದರೆ ತೊಳೆದು, ಒಣಗಿಸಿ, ಜೋಡಿಸಿದರೆ ಮುಗಿಯಿತು. ಅದು ಮೊದಲು ಯಾರ ಮನೆಯಲ್ಲಿತ್ತು, ಅಲ್ಲಿ ಏನೇನು ನಡೆಯಿತು ಎಂಬುದರ ಗೊಡವೆ ಗಪ್ಪಿ ಮೀನಿಗಿಲ್ಲ. ಹವಳಕ್ಕಿದೆ. ಹಿಂದಿನ ಯಜಮಾನ ಯಾವತ್ತೋ ಸುರಿದ ಔಷಧಿ, ಎಂದೋ ಉಳಿದು ಪಾಚಿಗೆ ಗೊಬ್ಬರವಾಗುವ ಫಾಸ್ಫೇಟು, ತುಕ್ಕು ಹಿಡಿದ ಒಂದು ಅಯಸ್ಕಾಂತ ಎಲ್ಲವೂ ಹೊಸ ನೀರಿಗೆ ಇಳಿದು ಬರುತ್ತವೆ. ಆದ್ದರಿಂದ ಬೆಲೆಯ ಮಾತಿಗೆ ಬರುವ ಮೊದಲು ನಾನು ವಿಚಾರಿಸುತ್ತಿದ್ದದ್ದು ತೊಟ್ಟಿಯ ಪೂರ್ವಾಶ್ರಮವನ್ನು: ಇದರಲ್ಲಿ ಏನಿತ್ತು, ಎಷ್ಟು ಕಾಲ ಇತ್ತು, ಯಾಕೆ ನಿಂತಿತು? ಈ ಮೂರಕ್ಕೆ ತಡವರಿಸದೆ ಉತ್ತರ ಕೊಟ್ಟವರ ಬಳಿ ಮಾತ್ರ ಚೌಕಾಸಿಗೆ ಕೂತೆ.

ಮೊದಲ ಪ್ರಶ್ನೆಯ ಹಿಂದೆ ಇದ್ದದ್ದು ತಾಮ್ರದ ಭಯ. ಕಡಲಮೀನುಗಳಿಗೆ ಬರುವ ಬಿಳಿಚುಕ್ಕೆ ರೋಗಕ್ಕೆ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಪರಾವಲಂಬಿ ಕಾರಣ. ಅದಕ್ಕೆ ತಾಮ್ರವೇ ಹಳೆಯ, ನೆಚ್ಚಿಕೆಯ ಮದ್ದು. ತಾಮ್ರದ ಸಲ್ಫೇಟನ್ನು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ ನಿಲ್ಲುವಂತೆ ಬೆರೆಸಿ, ದಿನವೂ ಅಳೆದು, ವಾರಗಟ್ಟಲೆ ಕಾಯ್ದುಕೊಂಡರೆ ಪರಾವಲಂಬಿ ಸಾಯುತ್ತದೆ, ಮೀನು ಬದುಕುತ್ತದೆ. ಅದೇ ಪ್ರಮಾಣ ಸೀಗಡಿಗೆ, ಬಸವನಹುಳುವಿಗೆ, ಹವಳಕ್ಕೆ ವಿಷ. ನೀರನ್ನು ಚೆಲ್ಲಿಬಿಟ್ಟರೆ ತಾಮ್ರವೂ ಹೋಯಿತು ಎನ್ನುವಂತಿಲ್ಲ. ಸುಣ್ಣಕಲ್ಲಿನ ಗುಣವಿರುವ ಬಂಡೆಯೂ ಹವಳದ ಮರಳೂ ಅದನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುತ್ತವೆ. ಗಾಜಿನ ಅಂಚಿನ ಸಿಲಿಕೋನ್ ಅಂಟು ಎಷ್ಟು ಹೀರುತ್ತದೆ ಎಂಬ ಬಗ್ಗೆ ಹವ್ಯಾಸಿಗಳ ನಡುವೆ ಮುಗಿಯದ ಜಗಳವಿದೆ. ಆ ಜಗಳದಲ್ಲಿ ನಾನು ಯಾವ ಪಕ್ಷಕ್ಕೂ ಸೇರಲಿಲ್ಲ, ಅಳೆಯುವ ಕಿಟ್ ಒಂದನ್ನು ಕೊಂಡುಕೊಂಡೆ.

ನೋಡಿದ ತೊಟ್ಟಿಗಳಲ್ಲೊಂದು ಗಾತ್ರದಲ್ಲೂ ಬೆಲೆಯಲ್ಲೂ ನನಗೆ ಹೇಳಿ ಮಾಡಿಸಿದಂತಿತ್ತು. ಮಾರುವವರು ಸಜ್ಜನರು, ಮಾತು ಮೃದು. ಕಲ್ಲು, ಮರಳು, ದೀಪ ಎಲ್ಲವನ್ನೂ ಸೇರಿಸಿ ಕೊಡುತ್ತೇನೆ ಎಂದರು. ಹವಳ ಇಟ್ಟಿದ್ದಿರಾ ಎಂದು ಕೇಳಿದೆ. ಇಲ್ಲ, ಮೀನು ಮಾತ್ರ ಎಂದರು. ಸ್ಟ್ಯಾಂಡಿನ ಬಾಗಿಲು ತೆರೆದು ಕೊಳವೆ ಜೋಡಣೆ ನೋಡುತ್ತಿದ್ದಾಗ ಮೂಲೆಯಲ್ಲಿ ಅರ್ಧ ಖಾಲಿಯಾದ ತಾಮ್ರದ ಔಷಧಿಯ ಬಾಟಲಿ ಕಾಣಿಸಿತು. ಅದು ಬೇರೆ ತೊಟ್ಟಿಗೆ ತಂದದ್ದು ಎಂದು ಅವರು ಹೇಳಿದ್ದು ನಿಜವೇ ಇರಬಹುದು. ಬರೀ ಗಾಜಾಗಿದ್ದರೆ ಪರೀಕ್ಷಿಸಿ ಕೊಳ್ಳುತ್ತಿದ್ದೆ. ಅವರಿಗೆ ಬಿಡಿಯಾಗಿ ಮಾರುವ ಮನಸ್ಸಿರಲಿಲ್ಲ, ನನಗೆ ಆ ಕಲ್ಲು ಬೇಕಿರಲಿಲ್ಲ. ನಮಸ್ಕಾರ ಹೇಳಿ ಎದ್ದೆ. ಅಂದಿನಿಂದ ಯಾವ ತೊಟ್ಟಿ ನೋಡಲು ಹೋದರೂ ಮೊದಲು ಸ್ಟ್ಯಾಂಡಿನ ಒಳಗೆ ಇಣುಕುವುದನ್ನು ರೂಢಿ ಮಾಡಿಕೊಂಡೆ. ಮಾಲೀಕರು ತೊಟ್ಟಿಯ ಗಾಜನ್ನು ಒರೆಸಿ ಮಿಂಚಿಸಿರುತ್ತಾರೆ. ಸ್ಟ್ಯಾಂಡಿನ ಒಳಗೆ ಕೈ ಹಾಕಿ ಅಚ್ಚುಕಟ್ಟು ಮಾಡುವವರು ವಿರಳ, ಹಾಗಾಗಿ ಸತ್ಯ ಅಲ್ಲೇ ಉಳಿದಿರುತ್ತದೆ. ಔಷಧಿ ಬಾಟಲಿ, ನೀರು ಕುಡಿದು ಉಬ್ಬಿದ ಹಲಗೆ, ಪ್ಲಗ್‌ಗಳ ಮೇಲೆ ಬೆಳೆದ ಉಪ್ಪಿನ ಹರಳು, ಟೇಪು ಸುತ್ತಿದ ವೈರು.

ಕೊನೆಗೆ ಕೊಂಡ ತೊಟ್ಟಿ, ನಾನು ನೋಡಲು ಹೋದಾಗ ಇನ್ನೂ ನಡೆಯುತ್ತಲೇ ಇತ್ತು. ಇದು ದೊಡ್ಡ ಅದೃಷ್ಟ. ಬೇರೆ ಊರಿಗೆ ಹೋಗಲಿದ್ದ ಮಾಲೀಕರು ಹವಳಗಳನ್ನು ಸ್ನೇಹಿತರಿಗೆ ಹಂಚಿ ಮುಗಿಸಿದ್ದರು. ಉಳಿದದ್ದು ಒಂದು ಜೋಡಿ ಕ್ಲೌನ್ ಮೀನು, ಕಲ್ಲಿನ ಸಂದಿಯಿಂದ ಉದ್ದನೆಯ ಬಿಳಿ ಮೀಸೆ ಆಡಿಸುತ್ತಿದ್ದ ಕ್ಲೀನರ್ ಸೀಗಡಿ, ಗಾಜಿನ ಮೇಲೆ ಬಸವನಹುಳುಗಳು. ಸೀಗಡಿ ನೆಮ್ಮದಿಯಾಗಿ ಬದುಕಿರುವ ನೀರಿನಲ್ಲಿ ಮದ್ದಿನ ಪ್ರಮಾಣದ ತಾಮ್ರ ಇರುವುದಿಲ್ಲ. ಯಾವ ಪ್ರಮಾಣಪತ್ರವೂ ಅದಕ್ಕಿಂತ ಹೆಚ್ಚಿನದನ್ನು ಹೇಳಲಾರದು. ನಡೆಯುತ್ತಿರುವ ತೊಟ್ಟಿಯ ಇನ್ನೊಂದು ಅನುಕೂಲ ಸದ್ದು. ಪಂಪು ಗೊರಗುಟ್ಟುತ್ತಿದೆಯೇ, ನೀರಿನ ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಸ್ಕಿಮ್ಮರಿನ ಕಪ್ಪಿನಲ್ಲಿ ಕಂದು ನೊರೆ ಏರುತ್ತಿದೆಯೇ, ದೀಪದ ಫ್ಯಾನು ತಿರುಗುತ್ತಿದೆಯೇ ಎಂಬುದು ಕಣ್ಣು ಕಿವಿಗಳಿಗೇ ಗೊತ್ತಾಗುತ್ತದೆ. ಮೂಲೆಯಲ್ಲಿ ಪೆಟ್ಟಿಗೆಗೆ ಹಾಕಿಟ್ಟ ಸಾಮಾನನ್ನು ‘ಚೆನ್ನಾಗಿಯೇ ಓಡುತ್ತಿತ್ತು’ ಎಂಬ ಮಾತಿನ ಮೇಲೆ ಕೊಳ್ಳುವುದು ಬೇರೆ, ಓಡುತ್ತಿರುವುದನ್ನು ನೋಡಿ ಕೊಳ್ಳುವುದು ಬೇರೆ.

ತೊಟ್ಟಿಯ ಅಳತೆ 120 ಸೆಂಟಿಮೀಟರ್ ಉದ್ದ, 60 ಅಗಲ, 50 ಎತ್ತರ. ಗಾಜು 12 ಮಿಲಿಮೀಟರ್ ದಪ್ಪ. ಕಲ್ಲು, ಮರಳು, ಮೇಲಿನ ಖಾಲಿ ಅಂಚು ಕಳೆದರೆ ಸುಮಾರು 300 ಲೀಟರ್ ನೀರು ಹಿಡಿಯುತ್ತದೆ. ಕಡಲನೀರು ಸಿಹಿನೀರಿಗಿಂತ ತುಸು ಭಾರ, ಹಾಗಾಗಿ ನೀರೊಂದೇ 310 ಕಿಲೋ ಹತ್ತಿರ. ಬರಿ ಗಾಜು ಇನ್ನೊಂದು 75 ಕಿಲೋ. ಈ ಲೆಕ್ಕವನ್ನು ಸ್ಟ್ಯಾಂಡ್ ನೋಡುವ ಮೊದಲೇ ಹಾಕಿಟ್ಟುಕೊಂಡಿದ್ದೆ. ಹಲಗೆಯ ಅಂಚು ಉಬ್ಬಿದ್ದರೆ ಒಳಗೆ ನೀರು ಹೊಕ್ಕಿದೆ ಎಂದೇ ಅರ್ಥ. ಅಂಥ ಹಲಗೆಯ ಮೇಲೆ ಇಷ್ಟು ಭಾರ ಹೇರುವಂತಿಲ್ಲ. ಇದರ ಸ್ಟ್ಯಾಂಡ್ ಪೌಡರ್ ಲೇಪನದ ಉಕ್ಕಿನದು. ಬೆಸುಗೆಯ ಕಡೆ ಒಂದೆರಡು ತುಕ್ಕಿನ ಕಲೆಗಳಿದ್ದವು, ಉಜ್ಜಿ ಬಣ್ಣ ಬಳಿಯುವಷ್ಟು ಮಾತ್ರ.

ಗಾಜಿನ ಅಂಚುಗಳನ್ನು ಟಾರ್ಚ್ ಹಿಡಿದು ನೋಡಿದೆ. ಸಿಲಿಕೋನ್ ಎರಡು ಕಡೆ ಇರುತ್ತದೆ. ಎರಡು ಗಾಜುಗಳ ನಡುವೆ ತೆಳುವಾಗಿ ಇರುವುದು ತೊಟ್ಟಿಯನ್ನು ಹಿಡಿದು ನಿಲ್ಲಿಸುವ ಬಂಧ. ಒಳಮೂಲೆಯಲ್ಲಿ ದಪ್ಪಗೆ ಕಾಣುವುದು ಅದಕ್ಕೆ ಕಾವಲು. ಮುಖ್ಯ ಬಂಧದಲ್ಲಿ ಬಿಳಿಚಿದ ಪಟ್ಟೆ, ಗುಳ್ಳೆಗಳ ಸಾಲು ಕಂಡರೆ ಅಲ್ಲಿಂದ ಹೊರಡುವುದು ಲೇಸು. ಕಾವಲಿನ ಸಿಲಿಕೋನ್ ಮಾತ್ರ ಎದ್ದಿದ್ದರೆ ಬ್ಲೇಡಿನಿಂದ ಪೂರ್ತಿ ಕೆರೆದು ಹೊಸದನ್ನು ಎಳೆಯಬಹುದು. ಪೂರ್ತಿ ಎಂಬುದಕ್ಕೆ ಒತ್ತು ಕೊಡಬೇಕು, ಏಕೆಂದರೆ ಒಣಗಿದ ಹಳೆಯ ಸಿಲಿಕೋನಿಗೆ ಹೊಸದು ಸರಿಯಾಗಿ ಅಂಟುವುದಿಲ್ಲ. ಸೋರುವ ಜಾಗಕ್ಕೆ ಮೇಲಿನಿಂದ ಒಂದು ಗೆರೆ ಎಳೆದು ‘ರಿಪೇರಿ ಆಗಿದೆ’ ಎಂದು ಮಾರುವ ತೊಟ್ಟಿಗಳು ಸಿಗುತ್ತವೆ. ಒಂದು ಅಂಚಿನ ಸಿಲಿಕೋನ್ ಮಾತ್ರ ಉಳಿದವಕ್ಕಿಂತ ಹೊಳಪಾಗಿದ್ದರೆ ಕಥೆ ಅಲ್ಲಿದೆ.

ಸ್ಟ್ಯಾಂಡಿನ ಒಳಗಿರುವ ಶೋಧನೆಯ ತೊಟ್ಟಿಗೆ ನೀರು ಕೆಳಗಿಳಿಯುವ ತೂತುಗಳು ಹಿಂಬದಿಯ ಗಾಜಿನಲ್ಲಿ ಮೊದಲೇ ಇದ್ದವು. ಇಲ್ಲದಿದ್ದರೆ ನಾವೇ ಕೊರೆಯಬಹುದು, ಆದರೆ ಗಾಜು ಹದಗೊಳಿಸಿದ್ದಾಗಿದ್ದರೆ, ಅಂದರೆ ಟೆಂಪರ್ಡ್ ಆಗಿದ್ದರೆ, ಡ್ರಿಲ್ ತಾಗಿದೊಡನೆ ಇಡೀ ಹಾಳೆ ಪುಡಿಪುಡಿ. ಇದನ್ನು ಪತ್ತೆ ಹಚ್ಚುವ ಸುಲಭ ಉಪಾಯವೊಂದಿದೆ. ಗಾಜಿನ ಹಿಂದೆ ಲ್ಯಾಪ್‌ಟಾಪಿನ ಬಿಳಿ ಪರದೆ ಹಿಡಿದು, ಈಚೆಯಿಂದ ಪೋಲರಾಯ್ಡ್ ಕನ್ನಡಕದಲ್ಲಿ ನೋಡಬೇಕು. ಕನ್ನಡಕವನ್ನು ತಿರುಗಿಸುತ್ತ ಹೋದಂತೆ ಹದಗೊಳಿಸಿದ ಗಾಜಿನಲ್ಲಿ ಕಪ್ಪು ಮಚ್ಚೆಗಳು, ಬಣ್ಣದ ಪಟ್ಟೆಗಳು ಕಾಣಿಸಿಕೊಳ್ಳುತ್ತವೆ. ಸಾಮಾನ್ಯ ಗಾಜಿನಲ್ಲಿ ಏನೂ ಕಾಣುವುದಿಲ್ಲ. ನನಗೆ ಇದರ ಅಗತ್ಯ ಬೀಳಲಿಲ್ಲವಾದರೂ ಕಂಡ ತೊಟ್ಟಿಗಳ ಮುಂದೆಲ್ಲ ನಿಂತು ನೋಡಿದೆ, ಮಾರುವವರು ನನ್ನನ್ನೇ ವಿಚಿತ್ರವಾಗಿ ನೋಡಿದರು.

ಸಾಗಾಟದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ನೀರನ್ನೂ ಮರಳನ್ನೂ ಪೂರ್ತಿ ತೆಗೆದು, ಬುಡಕ್ಕೆ ದಪ್ಪ ಥರ್ಮೋಕೋಲ್ ಹಾಸಿ, ಬಲವಾದ ನಾಲ್ವರು ಹಿಡಿದರೆ ಸಾಕು. ಮೂಲೆ ನೆಲಕ್ಕೆ ತಾಗದಿರಲಿ.

ಮನೆಗೆ ಬಂದ ಮೇಲೆ ಮೊದಲ ಕೆಲಸ ಸೋರಿಕೆ ಪರೀಕ್ಷೆ. ರಸಮಟ್ಟದಿಂದ ಸ್ಟ್ಯಾಂಡನ್ನು ಸಮ ಮಾಡಿ, ಸುತ್ತ ಹಳೆಯ ಪತ್ರಿಕೆಯ ಹಾಳೆ ಹಾಸಿ, ತೊಟ್ಟಿಯ ಮೂರನೇ ಒಂದು ಭಾಗಕ್ಕೆ ನಲ್ಲಿ ನೀರು ತುಂಬಿ ಒಂದು ಹಗಲು ಬಿಟ್ಟೆ. ಹಾಳೆ ಒಣಗಿಯೇ ಇದ್ದುದರಿಂದ ಮುಂದಿನ ಭಾಗ, ಆಮೇಲೆ ಪೂರ್ತಿ. ತುಂಬಿದ ತೊಟ್ಟಿಯನ್ನು ಒಂದು ವಾರ ಹಾಗೆಯೇ ಇಟ್ಟೆ. ಬಂಧ ಸಡಿಲಗೊಂಡ ತೊಟ್ಟಿ ಮೊದಲ ಗಂಟೆಯಲ್ಲೇ ಸೋರಬೇಕೆಂದಿಲ್ಲ, ಭಾರಕ್ಕೆ ನಿಧಾನವಾಗಿ ಬಿರಿಯಬಹುದು. ಕೊಳವೆ ಗಾಜನ್ನು ದಾಟುವ ಕಡೆ ಇರುವ ಬಲ್ಕ್‌ಹೆಡ್‌ಗಳ ರಬ್ಬರ್ ಬಳೆಗಳನ್ನು ಮಾತ್ರ ಕಣ್ಣುಮುಚ್ಚಿ ಬದಲಿಸಿದೆ. ವರ್ಷಗಟ್ಟಲೆ ಒತ್ತಡದಲ್ಲಿದ್ದ ರಬ್ಬರು ಗಟ್ಟಿಯಾಗಿರುತ್ತದೆ, ಒಮ್ಮೆ ಬಿಚ್ಚಿ ಮತ್ತೆ ಬಿಗಿದರೆ ಮೊದಲಿನಂತೆ ಕೂರುವುದಿಲ್ಲ. ಬಳೆ ಕೂರಬೇಕಾದದ್ದು ಅಗಲ ಅಂಚಿನ ಕಡೆ, ನೀರಿನ ಬದಿಯಲ್ಲಿ. ತಿರುಪಿನ ಕಡೆ ಹಾಕಿದರೆ ಎಷ್ಟು ಬಿಗಿದರೂ ಸೋರುತ್ತದೆ.

ಕೆಳಗಿನ ತೊಟ್ಟಿ, ಅಂದರೆ ಸಂಪ್, ಈ ಹವ್ಯಾಸದ ಹಳೆಯ ಪದರಗಳನ್ನು ತೋರಿಸುವಂತಿತ್ತು. ಮೊದಲ ಕೋಣೆಯ ತುಂಬ ಮುಳ್ಳುಮುಳ್ಳಾದ ಪ್ಲಾಸ್ಟಿಕ್ ಚೆಂಡುಗಳು, ಬಯೋಬಾಲ್‌ಗಳು. ಎಂಬತ್ತರ ದಶಕದಲ್ಲಿ ಇವುಗಳ ಮೇಲೆ ನೀರು ಜಿನುಗಿಸಿ ಬ್ಯಾಕ್ಟೀರಿಯಾ ಬೆಳೆಸುವುದೇ ಶೋಧನೆಯ ದೊಡ್ಡ ವಿಧಾನವಾಗಿತ್ತು. ಗಾಳಿ ಚೆನ್ನಾಗಿ ಸಿಗುವುದರಿಂದ ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಬಹುಬೇಗ ನೈಟ್ರೇಟ್ ಆಗುತ್ತದೆ. ಅಲ್ಲಿಗೇ ನಿಲ್ಲುತ್ತದೆ ಕೂಡ. ನೈಟ್ರೇಟನ್ನು ಸಾರಜನಕ ಅನಿಲವಾಗಿ ಒಡೆಯುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಕಡಿಮೆಯಿರುವ ಮೂಲೆಗಳು ಬೇಕು, ಅವು ಸಿಗುವುದು ರಂಧ್ರಮಯ ಕಲ್ಲಿನ ಒಡಲಲ್ಲಿ. ಬರ್ಲಿನ್ ವಿಧಾನ ಎಂಬ ಹೆಸರಿನಲ್ಲಿ ಕಲ್ಲು ಮತ್ತು ಸ್ಕಿಮ್ಮರ್‌ಗಳ ಜೋಡಿ ಬಳಕೆಗೆ ಬಂದ ಮೇಲೆ ಹವಳದ ತೊಟ್ಟಿಗಳಿಂದ ಬಯೋಬಾಲ್‌ಗಳು ಬಹುಮಟ್ಟಿಗೆ ಹೊರಬಿದ್ದವು. ನಾನೂ ಹೊರಹಾಕಿದೆ. ಆ ಕೋಣೆಯಲ್ಲಿ ಈಗ ಫಿಲ್ಟರ್ ಬಟ್ಟೆಯ ಚೀಲ ಇದೆ.

ಸಂಪ್ ಕೊಳ್ಳುವಾಗ ಅದರ ಖಾಲಿ ಜಾಗವನ್ನು ಅಳೆಯುವುದು ಬಹಳ ಮುಖ್ಯ. ವಿದ್ಯುತ್ ಹೋದ ಕ್ಷಣ ಮೇಲಿನ ತೊಟ್ಟಿಯ ನೀರು ತೂತಿನ ಮಟ್ಟದವರೆಗೆ, ಕೊಳವೆಗಳಲ್ಲಿದ್ದದ್ದೂ ಸೇರಿ, ಕೆಳಗಿಳಿಯುತ್ತದೆ. ಅಷ್ಟನ್ನೂ ಹಿಡಿಯುವ ಜಾಗ ಸಂಪ್‌ನಲ್ಲಿ ಇಲ್ಲದಿದ್ದರೆ ನೆಲವೇ ಅದನ್ನು ಹಿಡಿಯಬೇಕಾಗುತ್ತದೆ. ಪಂಪನ್ನು ಬೇಕೆಂದೇ ನಿಲ್ಲಿಸಿ, ಸಂಪ್‌ನಲ್ಲಿ ನೀರು ಎಲ್ಲಿಯವರೆಗೆ ಏರಿ ನಿಲ್ಲುತ್ತದೆಂದು ನೋಡಿ, ಪಂಪು ನಡೆಯುವಾಗ ಅಲ್ಲಿನ ನೀರು ಯಾವ ಮಟ್ಟ ದಾಟಬಾರದೆಂದು ಗಾಜಿನ ಮೇಲೆ ಗೆರೆ ಎಳೆದಿಟ್ಟೆ.

ಪಂಪುಗಳು ಮತ್ತು ಸ್ಕಿಮ್ಮರ್ ಹಳೆಯ ಸಾಮಾನಿನಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಭಾಗ. ನೋಡಲು ಎಷ್ಟು ಕೊಳಕಾಗಿದ್ದವೋ ಒಳಗೆ ಅಷ್ಟೇ ಗಟ್ಟಿ. ಅವುಗಳ ಮೈಮೇಲೆ ಕಟ್ಟಿದ ಬಿಳಿ, ನೇರಳೆ ಪೊರೆಗಳೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲಕ್ಕೆ ಕರಗುತ್ತದೆ. ಅರ್ಧ ನೀರು, ಅರ್ಧ ಬಿಳಿ ವಿನೆಗರ್ ಬೆರೆಸಿದ ಬಕೆಟ್ಟಿನಲ್ಲಿ ಮುಳುಗಿಸಿಟ್ಟರೆ ಗುಳ್ಳೆ ಏಳುತ್ತ ರಾತ್ರಿ ಕಳೆಯುವುದರೊಳಗೆ ಪೊರೆ ಸಡಿಲಾಗುತ್ತದೆ. ಸಿಟ್ರಿಕ್ ಆಮ್ಲವೂ ಆಗುತ್ತದೆ, ವಾಸನೆಯ ಕಾಟವಿಲ್ಲ. ಒಂದು ಎಚ್ಚರಿಕೆ: ಬ್ಲೀಚ್ ಬಳಸಿ ತೊಳೆಯುವ ಮನಸ್ಸಿದ್ದರೆ ಅದು ಬೇರೆ ದಿನ, ಬೇರೆ ಬಕೆಟ್. ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ, ಅದು ಶ್ವಾಸಕೋಶವನ್ನು ಸುಡುವ ವಿಷ.

ಪೊರೆ ಹೋದ ಮೇಲೆ ಪಂಪಿನ ಒಳಗಿನ ಇಂಪೆಲ್ಲರ್, ಅಂದರೆ ತಿರುಗಿ ನೀರು ತಳ್ಳುವ ಚಕ್ರ, ಎಳೆದು ನೋಡಬೇಕು. ಅದರ ಅಯಸ್ಕಾಂತಕ್ಕೆ ಪ್ಲಾಸ್ಟಿಕ್ಕಿನ ಅಥವಾ ಎಪಾಕ್ಸಿಯ ಕವಚವಿರುತ್ತದೆ. ಕವಚ ಬಿರಿದು ಉಪ್ಪುನೀರು ಒಳಹೊಕ್ಕರೆ ಅಯಸ್ಕಾಂತ ತುಕ್ಕು ಹಿಡಿದು ಊದಿಕೊಳ್ಳುತ್ತದೆ. ಆಗ ಪಂಪು ಸಿಕ್ಕಿಹಾಕಿಕೊಳ್ಳುವುದು ಒಂದು ತೊಂದರೆ, ಲೋಹ ನೀರಿಗೆ ಇಳಿಯುವುದು ಅದಕ್ಕಿಂತ ದೊಡ್ಡದು. ಅಲೆ ಎಬ್ಬಿಸುವ ಪಂಪುಗಳಲ್ಲಿ ಒಂದರ ಕವಚದಲ್ಲಿ ಕೂದಲೆಳೆಯಂಥ ಬಿರುಕಿತ್ತು. ಪಂಪನ್ನು ಎಸೆಯಲಿಲ್ಲ, ಹೊಸ ಇಂಪೆಲ್ಲರ್ ತರಿಸಿ ಹಾಕಿದೆ. ಬಿಡಿಭಾಗ ಈಗಲೂ ಸಿಗುವ ಕಂಪನಿಯದೇ ಸಾಮಾನು ಕೊಳ್ಳಬೇಕು ಎನ್ನುವುದು ಇದಕ್ಕೇ. ಎಷ್ಟೇ ಒಳ್ಳೆಯ ಪಂಪಾದರೂ ಅದರ ಇಂಪೆಲ್ಲರ್ ಮಾರುಕಟ್ಟೆಯಿಂದ ಮಾಯವಾಗಿದ್ದರೆ ಅದನ್ನು ಪುಕ್ಕಟೆ ಕೊಟ್ಟರೂ ಬೇಡ.

ಸ್ಕಿಮ್ಮರ್ ಬಗ್ಗೆ ಹೊಸಬರು ಗಾಬರಿಯಾಗುವ ವಿಷಯವೊಂದಿದೆ. ಅದು ನಲ್ಲಿ ನೀರಿನಲ್ಲಿ ನೊರೆ ಕೊಡುವುದಿಲ್ಲ. ಅದು ಕೆಲಸ ಮಾಡುವುದು ಸಣ್ಣ ಸಣ್ಣ ಗುಳ್ಳೆಗಳ ಮೈಗೆ ಜಿಡ್ಡಿನಂಥ ಸಾವಯವ ಅಣುಗಳು ಅಂಟಿಕೊಳ್ಳುವುದರಿಂದ, ಅಂಥ ಒತ್ತಾದ ಗುಳ್ಳೆ ಉಪ್ಪುನೀರಿನಲ್ಲೇ ಬರಬೇಕು. ಮಾರುವವರ ಮನೆಯಲ್ಲಿ ಸಿಹಿನೀರಿನ ಬಕೆಟ್ಟಿನಲ್ಲಿ ಓಡಿಸಿ ನೋಡಿದರೆ ಪಂಪು ತಿರುಗುತ್ತದೆ, ಗಾಳಿ ಎಳೆಯುತ್ತದೆ ಎಂಬಷ್ಟೇ ತಿಳಿಯುತ್ತದೆ. ವಿನೆಗರಿನಲ್ಲಿ ತೊಳೆದ ಸ್ಕಿಮ್ಮರ್ ಕೂಡ ಹೊಸದರಂತೆಯೇ ಕೆಲವು ದಿನ ಹಟ ಮಾಡಿ ಆಮೇಲೆ ದಾರಿಗೆ ಬರುತ್ತದೆ.

ಹೀಟರನ್ನು ಮಾತ್ರ ಮಾಲೀಕರು ಉಚಿತವಾಗಿ ಕೊಟ್ಟರೂ ಬಳಸಲಿಲ್ಲ. ಹಳೆಯ ಹೀಟರ್ ಕೆಡುವ ರೀತಿಯೇ ಕ್ರೂರ. ಥರ್ಮೋಸ್ಟಾಟಿನ ಸಂಪರ್ಕಬಿಂದುಗಳು ಸಾವಿರಾರು ಸಲ ಕೂಡಿ ಬಿಟ್ಟು, ಕಿಡಿಗೆ ಸುಟ್ಟು, ಒಂದು ದಿನ ಅಂಟಿಕೊಂಡುಬಿಡುತ್ತವೆ. ಆಮೇಲೆ ಆರುವುದಿಲ್ಲ. 25ರಿಂದ 26 ಡಿಗ್ರಿಯಲ್ಲಿರಬೇಕಾದ ನೀರು ಏರುತ್ತಲೇ ಹೋಗುತ್ತದೆ, ಮನೆಯವರು ಏಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹೊಸ ಹೀಟರುಗಳನ್ನೇ ಕೊಂಡೆ, ಅದೂ ದೊಡ್ಡದೊಂದರ ಬದಲು ಅರ್ಧರ್ಧ ಶಕ್ತಿಯ ಎರಡು, ಜೊತೆಗೆ ಪ್ರತ್ಯೇಕ ತಾಪಮಾನ ನಿಯಂತ್ರಕ. ಒಂದು ಅಂಟಿಕೊಂಡರೂ ಅದೊಂದೇ ತೊಟ್ಟಿಯನ್ನು ಬೇಯಿಸಲಾರದು, ಒಂದು ಸತ್ತರೂ ಇನ್ನೊಂದು ತಣ್ಣಗಾಗಲು ಬಿಡದು. ಸೋರಿಕೆ ಪ್ರವಾಹವನ್ನು ಕಂಡೊಡನೆ ಕಡಿದುಹಾಕುವ 30 ಮಿಲಿಆಂಪಿಯರಿನ ಸುರಕ್ಷಾ ಸ್ವಿಚ್ಚನ್ನೂ ಹೊಸದಾಗಿಯೇ ಹಾಕಿಸಿದೆ. ಪ್ರತಿ ವೈರನ್ನೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋಲಿಸಿ ಮೇಲಕ್ಕೆ ತಂದೆ. ವೈರಿನ ಗುಂಟ ಇಳಿದ ನೀರು ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ದೀಪದ ವಿಷಯದಲ್ಲಿ ನನಗೆ ಎರಡು ಮನಸ್ಸಿತ್ತು. ಟಿ5 ಟ್ಯೂಬುಗಳ ಒಳ್ಳೆಯ ಚೌಕಟ್ಟುಗಳು ಬಲು ಅಗ್ಗವಾಗಿ ಸಿಗುತ್ತಿದ್ದವು, ಆದರೆ ಟ್ಯೂಬುಗಳ ಬಣ್ಣ ಮತ್ತು ತೀವ್ರತೆ ಬಳಕೆಯೊಂದಿಗೆ ಕುಗ್ಗುವುದರಿಂದ ಒಂಬತ್ತರಿಂದ ಹನ್ನೆರಡು ತಿಂಗಳಿಗೊಮ್ಮೆ ಬದಲಿಸಬೇಕು. ಮೆಟಲ್ ಹ್ಯಾಲೈಡ್ ದೀಪಗಳದ್ದೂ ಅದೇ ಕಥೆ, ಮೇಲಿಂದ ನೀರನ್ನು ಕಾಯಿಸುತ್ತವೆ. ಎಲ್‌ಇಡಿಗಳ ಆಯಸ್ಸನ್ನು ಸಾಮಾನ್ಯವಾಗಿ 50,000 ಗಂಟೆ ಎಂದು ಬರೆದಿರುತ್ತಾರೆ. ದಿನಕ್ಕೆ ಹತ್ತು ಗಂಟೆ ಉರಿಸಿದರೆ ಹದಿಮೂರು ವರ್ಷಕ್ಕೂ ಹೆಚ್ಚು. ಕಾಗದದ ಮೇಲೆ ಅದು ಸರಿ. ನಿಜದಲ್ಲಿ ಎಲ್‌ಇಡಿಗಿಂತ ಮೊದಲು ಕೈಕೊಡುವುದು ಫ್ಯಾನು, ಎಲ್‌ಇಡಿಗೆ ವಿದ್ಯುತ್ ಒದಗಿಸುವ ಡ್ರೈವರ್ ಮತ್ತು ಉಪ್ಪಿನ ಹಬೆಗೆ ಹಸಿರುಗಟ್ಟಿದ ಸರ್ಕಿಟ್ ಹಲಗೆ. ತೊಟ್ಟಿಯ ಜೊತೆ ಬಂದ ಎಲ್‌ಇಡಿ ದೀಪದ ಮುಚ್ಚಳ ಬಿಚ್ಚಿ ನೋಡಿದೆ. ಫ್ಯಾನಿನ ಮೇಲೆ ಉಪ್ಪು, ಒಳಗೆ ಹಲಗೆ ಸ್ವಚ್ಛ. ಪರಿಚಯದ ಹವ್ಯಾಸಿಯೊಬ್ಬರಿಂದ ಪಾರ್ ಮೀಟರ್ ಎರವಲು ತಂದು, ನೀರು ತುಂಬಿದ ಮೇಲೆ ಬೇರೆ ಬೇರೆ ಆಳದಲ್ಲಿ ಅಳೆದೆ. ಹವಳದ ಅಂಗಾಂಶದಲ್ಲಿ ವಾಸಿಸುವ ಜೂಕ್ಸಾಂಥೆಲ್ಲೆ ಎಂಬ ಪಾಚಿಗಳು ದ್ಯುತಿಸಂಶ್ಲೇಷಣೆಗೆ ಬಳಸಬಲ್ಲ ಬೆಳಕಿನ ಅಳತೆಯೇ ಪಾರ್. ಮೆತ್ತನೆಯ ಹವಳಗಳಿಗೆ 50ರಿಂದ 150 ಸಾಕು, ಸಣ್ಣ ಪಾಲಿಪುಗಳ, ಅಂದರೆ ಹವಳದ ಬಿಡಿ ಜೀವಿಗಳು ಪುಟ್ಟದಾಗಿರುವ, ಕಲ್ಲು ಹವಳಗಳಿಗೆ 250ರ ಮೇಲೆ ಬೇಕಾಗುತ್ತದೆ. ಮರಳಿನ ಮಟ್ಟದಲ್ಲಿ 90, ಕಲ್ಲಿನ ತುದಿಯಲ್ಲಿ 200ರ ಆಸುಪಾಸು ಸಿಕ್ಕಿತು. ಮೆತ್ತನೆಯ ಹವಳಗಳಿಂದ ಶುರು ಮಾಡುವ ನನಗೆ ಇದು ಧಾರಾಳ.

ಕಲ್ಲಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಅಪಾಯ ಹವಳಕ್ಕಷ್ಟೇ ಅಲ್ಲ, ಮನುಷ್ಯರಿಗೂ ಇದೆ. ಹಳೆಯ ತೊಟ್ಟಿಯ ಕಲ್ಲಿನ ಮೇಲೆ ಝೋಆಂಥಿಡ್, ಪಾಲಿಥೋವಾ ಜಾತಿಯ ಗುಂಡಿಯಾಕಾರದ ಪಾಲಿಪುಗಳು ಹಬ್ಬಿರುವುದು ಸಾಮಾನ್ಯ. ನೋಡಲು ಚೆಂದ. ಅವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ವಿಷವನ್ನು ಒಳಗೊಂಡಿರುತ್ತವೆ. ಹವಾಯಿ ವಿಶ್ವವಿದ್ಯಾಲಯದ ರಿಚರ್ಡ್ ಮೂರ್ ಮತ್ತು ಪಾಲ್ ಶೂಯರ್ 1971ರಲ್ಲಿ ಇದನ್ನು ಬೇರ್ಪಡಿಸಿದ ವರದಿ ಪ್ರಕಟಿಸಿದರು. ಪ್ರಕೃತಿಯಲ್ಲಿ ಸಿಗುವ, ಪ್ರೋಟೀನೇತರ ವಿಷಗಳಲ್ಲಿ ಅತ್ಯಂತ ಉಗ್ರವಾದವುಗಳ ಸಾಲಿನಲ್ಲಿ ಇದರ ಹೆಸರಿದೆ. ಕಾಯಿಸಿದರೆ ಇದು ಸುಲಭವಾಗಿ ನಾಶವಾಗುವುದಿಲ್ಲ. ಕಲ್ಲನ್ನು ‘ಶುದ್ಧ’ ಮಾಡಲೆಂದು ಕುದಿಸಿದರೆ, ಬಿಸಿನೀರು ಸುರಿದು ಉಜ್ಜಿದರೆ ಹಬೆಯೊಂದಿಗೆ ಶ್ವಾಸಕೋಶ ಸೇರಬಹುದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ 2015ರಲ್ಲಿ ಪ್ರಕಟಿಸಿದ ವರದಿಯೊಂದು ಅಲಾಸ್ಕದಲ್ಲಿ 2012ರಿಂದ 2014ರ ನಡುವೆ ಮನೆ ಮತ್ತು ಅಕ್ವೇರಿಯಂ ಅಂಗಡಿಗಳಲ್ಲಿ ಹೀಗೆ ವಿಷ ಉಸಿರಾಡಿರಬಹುದೆಂದು ಶಂಕಿಸಲಾದ ಪ್ರಕರಣಗಳನ್ನು ವಿವರಿಸುತ್ತದೆ. ಕಲ್ಲು ಕುದಿಸಿ ಎಂಬ ಸಲಹೆ ಇನ್ನೂ ಕೆಲವರ ಬಾಯಲ್ಲಿದೆ. ದಯವಿಟ್ಟು ಕೇಳಬೇಡಿ.

ನಾನು ಕೊಂಡ ತೊಟ್ಟಿಯ ಜೊತೆ ಎರಡು ರೀತಿಯ ಕಲ್ಲಿತ್ತು. ನೀರಿನಲ್ಲಿದ್ದ ಕಲ್ಲಿನ ಒಂದು ಭಾಗಕ್ಕೆ ಪಾಲಿಥೋವಾ ಹಬ್ಬಿತ್ತು, ಇನ್ನೊಂದು ಭಾಗದ ಸಂದಿಗಳಲ್ಲಿ ಕಂದು ಬಣ್ಣದ ಪುಟ್ಟ ಅನಿಮೋನ್‌ಗಳು, ಐಪ್ಟೇಸಿಯಾ, ತಲೆಯೆತ್ತಿದ್ದವು. ಐಪ್ಟೇಸಿಯಾದ ಒಂದು ಚೂರು ಉಳಿದರೂ ಮತ್ತೆ ಪೂರ್ತಿ ಪ್ರಾಣಿಯಾಗಿ ಬೆಳೆಯುತ್ತದೆ, ಪಕ್ಕದ ಹವಳಗಳನ್ನು ಕುಟುಕುತ್ತದೆ. ಇವನ್ನು ಮುಟ್ಟಲಿಲ್ಲ. ಮಾಲೀಕರು ಮೊದಲ ವರ್ಷದಲ್ಲಿ ಮಿಕ್ಕಿತೆಂದು ಬಳಸದೆ ಇಟ್ಟಿದ್ದ ಒಣಕಲ್ಲಿನ ಪೆಟ್ಟಿಗೆಯೊಂದಿತ್ತು, ಅದನ್ನು ತಂದೆ. ಒಣಕಲ್ಲಿನಲ್ಲಿ ಕೀಟಗಳ ಕಾಟವಿಲ್ಲ, ಆದರೆ ಫಾಸ್ಫೇಟ್ ಅಂಟಿಕೊಂಡಿರಬಹುದು. ದೊಡ್ಡ ಡ್ರಮ್ಮಿನಲ್ಲಿ ಉಪ್ಪುನೀರು, ಪಂಪು, ಹೀಟರ್ ಇಟ್ಟು, ಪಾಚಿ ಬೆಳೆಯದಂತೆ ಕತ್ತಲಲ್ಲಿ ನೆನೆಹಾಕಿ, ಆಗಾಗ ಫಾಸ್ಫೇಟ್ ಅಳೆಯುತ್ತ ನೀರು ಬದಲಿಸಿದೆ. ಒಂದು ಹಂತದಲ್ಲಿ ಅಂಕಿ ಇಳಿದಂತೆ ಕಂಡರೂ ನೀರು ಬದಲಿಸಿದ ಕೆಲವೇ ದಿನಗಳಲ್ಲಿ ಮತ್ತೆ ಏರುತ್ತಿತ್ತು, ಏಕೆಂದರೆ ಕಲ್ಲು ತನ್ನಲ್ಲಿರುವುದನ್ನು ಹೊಸ ನೀರಿಗೆ ಸಮವಾಗುವವರೆಗೆ ಬಿಡುತ್ತಲೇ ಇರುತ್ತದೆ. ಏರುವುದು ನಿಂತು ಲೀಟರಿಗೆ 0.1 ಮಿಲಿಗ್ರಾಂಗಿಂತ ಕೆಳಗೆ ಉಳಿಯುವವರೆಗೆ ಕಾದೆ. ಈ ಕೆಲಸದಲ್ಲಿ ಬೇಸರ ಬರುವುದು ಸಹಜ. ಬೇಸರ ಬಂದು ಅರ್ಧಕ್ಕೆ ನಿಲ್ಲಿಸಿದವರ ತೊಟ್ಟಿಗಳನ್ನು ಕೂದಲುಪಾಚಿ ಮುಚ್ಚಿದ್ದನ್ನು ಕಂಡಿದ್ದೇನೆ.

ಹಳೆಯ ಮರಳಿನ ಬಗ್ಗೆ ಒಂದೇ ಮಾತು, ಬೇಡ. ಅದರ ತಳದಲ್ಲಿ ವರ್ಷಗಳ ಕೊಳೆ ಕೂತಿರುತ್ತದೆ, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಹೊಸ ಅರಗೊನೈಟ್ ಮರಳು ಅಷ್ಟೇನೂ ದುಬಾರಿಯಲ್ಲ.

ನೀರು ಶುದ್ಧ ಮಾಡುವ ಆರ್‌ಓ ಡಿಐ ಯಂತ್ರದ ಪ್ಲಾಸ್ಟಿಕ್ ಗೂಡುಗಳು ಹಳೆಯವಾದರೂ ನಡೆಯುತ್ತವೆ, ಒಳಗಿನದೆಲ್ಲ ಹೊಸದಾಗಬೇಕು. ಒಣಗಿಹೋದ ಮೆಂಬ್ರೇನ್, ಅಂದರೆ ಸೋಸುವ ಪೊರೆ, ಕೆಟ್ಟಂತೆಯೇ. ಒಳಬರುವ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, 300 ಇದ್ದರೆ ಒಳ್ಳೆಯ ಮೆಂಬ್ರೇನಿನಿಂದ ಹೊರಬರುವಾಗ ಹತ್ತರ ಆಸುಪಾಸಿಗೆ ಇಳಿದಿರಬೇಕು, ಆಮೇಲೆ ಉಳಿದ ಅಯಾನುಗಳನ್ನು ಹೀರುವ ಡಿಐ ರಾಳ ಅದನ್ನು ಸೊನ್ನೆಗೆ ತರುತ್ತದೆ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಹಳೆಯದನ್ನೇ ಕೊಂಡೆ. ಅದನ್ನು ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿ ಬಿಡುವವರೇ ಹೆಚ್ಚು. ಅವುಗಳಲ್ಲಿ ಅನೇಕವು ಅಡುಗೆ ಉಪ್ಪಿನ ದ್ರಾವಣಕ್ಕೆಂದು ಗೆರೆ ಹಾಕಿದವು, ಕಡಲನೀರಿನಲ್ಲಿ ತಪ್ಪು ತೋರಿಸುತ್ತವೆ. ಸಾವಿರಕ್ಕೆ 35 ಅಂಶ ಉಪ್ಪಿರುವ ಮಾನಕ ದ್ರಾವಣದಿಂದ ಹೊಂದಿಸಿದರೆ ನಮಗೆ ಬೇಕಾದ ಜಾಗದಲ್ಲಿ ಸರಿಯಾಗಿ ನಿಲ್ಲುತ್ತದೆ. ಪರೀಕ್ಷಾ ಕಿಟ್‌ಗಳ ಚೀಲವೊಂದನ್ನು ಮಾಲೀಕರು ಸಂತೋಷದಿಂದ ಕೊಟ್ಟರು. ತಾರೀಖು ನೋಡಿದರೆ ಎಲ್ಲವೂ ಅವಧಿ ಮುಗಿದವು. ಗಾಜಿನ ಕೊಳವೆಗಳನ್ನು ಇಟ್ಟುಕೊಂಡೆ. ಪಿಎಚ್ ಪ್ರೋಬ್ ಕೂಡ ಹಾಗೆಯೇ, ಒಂದೆರಡು ವರ್ಷ ಬಾಳುವ ವಸ್ತು, ಹಳೆಯದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಎಲ್ಲವನ್ನೂ ಜೋಡಿಸಿ ಉಪ್ಪುನೀರು ತುಂಬಿದ ಮೇಲೂ ತಾಮ್ರದ ಕಿಟ್ ತೆಗೆದು ಅಳೆದೆ, ಸೀಗಡಿಯ ಸಾಕ್ಷ್ಯವನ್ನು ನಂಬಿದ್ದರೂ. ಸೊನ್ನೆ. ಮೀನು ಬರುವ ಮೊದಲೇ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲೆಂದು, ಅಮೋನಿಯಂ ಕ್ಲೋರೈಡ್ ಹಾಕಿ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಬರುವಂತೆ ಮಾಡಿ, ಬಾಟಲಿಯ ಬ್ಯಾಕ್ಟೀರಿಯಾ ಸುರಿದು, ದೀಪ ಆರಿಸಿ ಕಾದೆ. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರಿತು, ಆಮೇಲೆ ಅದೂ ಇಳಿಯಿತು. ಹಾಕಿದ ಅಮೋನಿಯಾ ಒಂದೇ ದಿನದಲ್ಲಿ ಎರಡೂ ಹಂತ ದಾಟಿ ನೈಟ್ರೇಟ್ ಆಗುವ ಹೊತ್ತಿಗೆ ತಿಂಗಳು ಕಳೆದಿತ್ತು. ಮೊದಲು ಬಸವನಹುಳುಗಳು ಬಂದವು, ಅವು ಗಾಜು ಹತ್ತಿ ತಿರುಗಾಡತೊಡಗಿದ ಮೇಲೆ ಮೀನು, ಅದಾದ ಮೇಲೆ ಒಂದು ಹಿಡಿ ಮಶ್ರೂಮ್ ಹವಳ. ದೀಪವನ್ನು ಕಾಲು ಭಾಗದ ತೀವ್ರತೆಯಿಂದ ಶುರು ಮಾಡಿ ವಾರವಾರ ಏರಿಸುತ್ತಿದ್ದೇನೆ.

ಇಡೀ ಸೆಟ್ಟಿನಲ್ಲಿ ಬಳಸದೆ ಉಳಿದದ್ದು ಕ್ಯಾಲ್ಸಿಯಂ ರಿಯಾಕ್ಟರ್. ಇಂಗಾಲದ ಡೈಆಕ್ಸೈಡ್ ಹಾಯಿಸಿ ತನ್ನ ಕೋಣೆಯೊಳಗಿನ ಪಿಎಚ್ ಅನ್ನು 6.5ರ ಹತ್ತಿರಕ್ಕೆ ಇಳಿಸಿ, ಹವಳದ ಚೂರುಗಳನ್ನು ಕರಗಿಸಿ, ಕಲ್ಲು ಹವಳಗಳಿಗೆ ಕ್ಯಾಲ್ಸಿಯಂ ಮತ್ತು ಕ್ಷಾರೀಯತೆಯನ್ನು ಒದಗಿಸುವ ಒಳ್ಳೆಯ ಯಂತ್ರ. ನನ್ನ ಮಶ್ರೂಮ್‌ಗಳಿಗೆ ನೀರು ಬದಲಿಸುವುದೇ ಸಾಕು. ಮಾರಾಟಕ್ಕೆ ಇಟ್ಟಿದ್ದೇನೆ. ಜೊತೆಗೊಂದು ಕಾಗದ ಅಂಟಿಸಿದ್ದೇನೆ: ಹವಳವಿದ್ದ ತೊಟ್ಟಿಯಿಂದ ಬಂದದ್ದು, ತಾಮ್ರ ಕಂಡಿಲ್ಲ, ಪಂಪಿನ ಇಂಪೆಲ್ಲರ್ ಚೆನ್ನಾಗಿದೆ, ಮುಚ್ಚಳದ ರಬ್ಬರ್ ಬಳೆ ಬದಲಿಸಬೇಕು, ಅನಿಲದ ರೆಗ್ಯುಲೇಟರ್ ಪರೀಕ್ಷಿಸಿಲ್ಲ. ನೋಡಲು ಬಂದ ಮೊದಲ ವ್ಯಕ್ತಿ ಕಾಗದದ ಕಡೆ ಕಣ್ಣೆತ್ತಿಯೂ ನೋಡದೆ ಬೆಲೆ ಕೇಳಿದರು. ಎರಡನೆಯವರು ಓದಿ, ರೆಗ್ಯುಲೇಟರನ್ನು ಸಿಲಿಂಡರಿಗೆ ಹಾಕಿ ತೋರಿಸುತ್ತೀರಾ ಎಂದರು. ಸಿಲಿಂಡರ್ ತುಂಬಿಸಿಕೊಂಡು ಬನ್ನಿ, ಇಬ್ಬರೂ ಸೇರಿ ನೋಡೋಣ ಎಂದಿದ್ದೇನೆ.